ಆ ಕಾರು ಸ್ಟಾರ್ಟ್ ಆಗಲಿ ಅಂತ ನಾನೇಕೆ ಬೇಡಿಕೊಂಡೆ?

ಇವತ್ತಿನ ಕತೆ ಒಂದು ಕಾರಿನಿಂದ ಶುರುವಾಗುತ್ತೆ.

ಕತ್ತಲು. ರೈಲು ಹಳಿಯ ಪಕ್ಕ ನಿಂತಿರೋ ಕಾರು. ಒಳಗೆ ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವಳ ಗಂಡನನ್ನ ಕೊಂದು, ಹೆಣವನ್ನ ಹಳಿ ಮೇಲೆ ಹಾಕಿ ಈಗಷ್ಟೇ ಬಂದು ಕೂತಿದ್ದಾರೆ. ಆತ ರೈಲಿನಿಂದ ಬಿದ್ದು ಸತ್ತ ಅಂತ ಲೋಕ ನಂಬಬೇಕು. ಎಲ್ಲಾ ಲೆಕ್ಕದ ಪ್ರಕಾರವೇ ಆಗಿದೆ. ಅವಳು ಕಾರು ಸ್ಟಾರ್ಟ್ ಮಾಡ್ತಾಳೆ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತೆ. ಇನ್ನೊಮ್ಮೆ. ಊಹೂಂ. ಇಬ್ಬರೂ ಮುಖ ಮುಖ ನೋಡ್ಕೋತಾರೆ. ಆಮೇಲೆ ಅವನು ನಿಧಾನಕ್ಕೆ ಕೈ ಚಾಚಿ ತಾನೇ ಪ್ರಯತ್ನಿಸ್ತಾನೆ.

ನಾನು ಈ ದೃಶ್ಯ ನೋಡಿದ್ದು ಮೊಬೈಲಿನಲ್ಲಿ, ಮಧ್ಯರಾತ್ರಿ, ಹೊದಿಕೆಯೊಳಗೆ. ಕಾರು ಸ್ಟಾರ್ಟ್ ಆದ ಕೂಡಲೇ ನಾನು 'ಅಬ್ಬ' ಅಂತ ಉಸಿರು ಬಿಟ್ಟೆ. ಮರುಕ್ಷಣವೇ ನಾಚಿಕೆ ಆಯ್ತು. ಸತ್ತವನು ಯಾರು? ಕಾಲು ಮುರಿದುಕೊಂಡು ಊರುಗೋಲು ಹಿಡಿದಿದ್ದ ಒಬ್ಬ ಮನುಷ್ಯ. ಕೊಂದವರು ಯಾರು? ದುಡ್ಡಿಗೆ ಮತ್ತು ಒಬ್ಬರಿಗೊಬ್ಬರ ಆಸೆಗೆ ಬಿದ್ದ ಇಬ್ಬರು. ಹಾಗಿದ್ರೆ ಕಾರು ಸ್ಟಾರ್ಟ್ ಆಗಲಿ ಅಂತ ನಾನೇಕೆ ಬೇಡಿಕೊಂಡೆ?

ಈ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆಯ ಬೆನ್ನು ಹತ್ತೋಣ. ಸಿನಿಮಾದ ಹೆಸರು 'ಡಬಲ್ ಇಂಡೆಮ್ನಿಟಿ', 1944ರದ್ದು, ನಿರ್ದೇಶಕ ಬಿಲ್ಲಿ ವೈಲ್ಡರ್. ಫಿಲ್ಮ್ ನುವಾರ್ ಅನ್ನೋ ಪರಂಪರೆಯ ಬಗ್ಗೆ ಯಾರೇ ಮಾತಾಡಿದ್ರೂ ಮೊದಲು ನೆನೆಯೋ ಚಿತ್ರಗಳಲ್ಲಿ ಇದೂ ಒಂದು. ಕತೆಯ ಕೊನೆಯನ್ನೂ ಹೇಳ್ತೀನಿ. 80 ವರ್ಷ ಹಳೇ ಸಿನಿಮಾ, ಸ್ಪಾಯ್ಲರ್ ಅಂತ ಬೈಬೇಡಿ.

ಹೆಸರಿಟ್ಟಿದ್ದು ಪ್ಯಾರಿಸ್

ಮೊದಲು ಹೆಸರಿನ ಕತೆ. 'ನುವಾರ್' ಅಂದ್ರೆ ಫ್ರೆಂಚಿನಲ್ಲಿ ಕಪ್ಪು. ಅಮೆರಿಕದ ಸಿನಿಮಾಗಳಿಗೆ ಫ್ರೆಂಚ್ ಹೆಸರು ಯಾಕೆ? ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಯ ಹಿಡಿತದಲ್ಲಿದ್ದಾಗ ಅಲ್ಲಿಗೆ ಹಾಲಿವುಡ್ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ, 1946ರ ಬೇಸಿಗೆಯಲ್ಲಿ, ಬಾಕಿ ಉಳಿದಿದ್ದ ಚಿತ್ರಗಳೆಲ್ಲ ಒಂದರ ಹಿಂದೆ ಒಂದರಂತೆ ಪ್ಯಾರಿಸ್ಸಿನ ಥಿಯೇಟರುಗಳಿಗೆ ಬಂದವು. 'ದಿ ಮಾಲ್ಟೀಸ್ ಫಾಲ್ಕನ್', 'ಲಾರಾ', 'ಡಬಲ್ ಇಂಡೆಮ್ನಿಟಿ'. ಅಮೆರಿಕದವರು ಇವನ್ನ ಮೂರ್ನಾಲ್ಕು ವರ್ಷದ ಅವಧಿಯಲ್ಲಿ ಬಿಡಿಬಿಡಿಯಾಗಿ ನೋಡಿದ್ದರು. ಫ್ರೆಂಚರು ಒಟ್ಟಿಗೆ ನೋಡಿದರು. ಒಟ್ಟಿಗೆ ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೀತು: ಅಮೆರಿಕದ ಸಿನಿಮಾ ಕಪ್ಪಾಗಿದೆ. ನೀನೋ ಫ್ರಾಂಕ್ ಅನ್ನೋ ವಿಮರ್ಶಕ ಆ ವರ್ಷ ಬರೆದ ಲೇಖನದಲ್ಲಿ ಇವನ್ನ 'ಫಿಲ್ಮ್ ನುವಾರ್' ಅಂತ ಕರೆದರು.

ತಮಾಷೆ ಅಂದ್ರೆ, ಆ ಚಿತ್ರಗಳನ್ನ ಮಾಡಿದವರಿಗೆ ತಾವು ನುವಾರ್ ಮಾಡ್ತಿದ್ದೀವಿ ಅಂತ ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಅವು ಕ್ರೈಮ್ ಚಿತ್ರಗಳು, ಮೆಲೋಡ್ರಾಮಾಗಳು, ಅಷ್ಟೇ.

ಆ ಕಪ್ಪು ಬಂದಿದ್ದೆಲ್ಲಿಂದ? ಒಂದು ಬೇರು ಬರ್ಲಿನ್ನಿನಲ್ಲಿದೆ. ಫ್ರಿಟ್ಜ್ ಲ್ಯಾಂಗ್, ರಾಬರ್ಟ್ ಸಿಯೋಡ್‌ಮ್ಯಾಕ್, ಎಡ್ಗರ್ ಉಲ್ಮರ್, ಬಿಲ್ಲಿ ವೈಲ್ಡರ್ ಇವರೆಲ್ಲ ಜರ್ಮನ್ ಸಿನಿಮಾದಲ್ಲಿ ಕೆಲಸ ಮಾಡಿದವರು. ಬೆಳಕಿಗಿಂತ ನೆರಳಿನಲ್ಲೇ ಕತೆ ಹೇಳೋದು ಅಲ್ಲಿ ರೂಢಿಯಲ್ಲಿತ್ತು. ವೈಲ್ಡರ್ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಬರ್ಲಿನ್ ಬಿಟ್ಟರು. ಯುರೋಪಿನಲ್ಲೇ ಉಳಿದ ಅವರ ತಾಯಿ ನಾಜಿಗಳ ಯಹೂದಿ ನರಮೇಧದಲ್ಲಿ ತೀರಿಕೊಂಡರು. ಸಭ್ಯರಾಗಿ ಕಾಣೋ ಅಕ್ಕಪಕ್ಕದ ಮನೆಯವರು ಏನು ಮಾಡಬಲ್ಲರು ಅನ್ನೋದು ಈ ತಲೆಮಾರಿಗೆ ಪುಸ್ತಕದಲ್ಲಿ ಓದಿ ತಿಳಿದ ವಿಷಯ ಆಗಿರಲಿಲ್ಲ.

ಪಾಪಕ್ಕೆ ಶಿಕ್ಷೆ ಕಡ್ಡಾಯ

ಇನ್ನೊಂದು ಬೇರು ಒಂದು ನಿಯಮಪುಸ್ತಕ. ನನ್ನ ಪ್ರಕಾರ ನುವಾರ್ ಅರ್ಥ ಆಗಬೇಕಾದ್ರೆ ನೆರಳು-ಬೆಳಕಿಗಿಂತ ಮೊದಲು ಇದು ಅರ್ಥ ಆಗಬೇಕು.

1930ರಲ್ಲಿ ಹಾಲಿವುಡ್ ತನಗೆ ತಾನೇ ಒಂದು ನೀತಿಸಂಹಿತೆ ಬರೆದುಕೊಂಡಿತು. ಜನ ಅದನ್ನ ಹೇಯ್ಸ್ ಕೋಡ್ ಅಂತಾರೆ. 1934ರಿಂದ ಜೋಸೆಫ್ ಬ್ರೀನ್ ಅನ್ನೋ ಅಧಿಕಾರಿಯ ಕಚೇರಿ ಅದನ್ನ ಕಟ್ಟುನಿಟ್ಟಾಗಿ ಜಾರಿಗೆ ತಂತು. ಸ್ಕ್ರಿಪ್ಟ್ ಹಂತದಲ್ಲೇ ಕತ್ತರಿ. ನಿಯಮದ ಸಾರ ಇಷ್ಟು: ಅಪರಾಧ ಮಾಡಿದವನಿಗೆ ಶಿಕ್ಷೆ ಆಗಲೇಬೇಕು, ನೋಡುವವರ ಮನಸ್ಸು ಅಪರಾಧಿಯ ಕಡೆ ವಾಲಬಾರದು.

'ಡಬಲ್ ಇಂಡೆಮ್ನಿಟಿ' ಬರೆದವರು ಜೇಮ್ಸ್ ಎಂ. ಕೇನ್ ಅನ್ನೋ ಪತ್ರಕರ್ತ-ಕಾದಂಬರಿಕಾರ. 1935ರಲ್ಲೇ ಸ್ಟುಡಿಯೋಗಳು ಆ ಕತೆಗೆ ಆಸೆಪಟ್ಟವು. ಬ್ರೀನ್ ಕಚೇರಿಯಿಂದ ಎಚ್ಚರಿಕೆ ಪತ್ರ ಬಂತು, ಎಲ್ಲರೂ ಕೈಬಿಟ್ಟರು. 1936ರಲ್ಲಿ ಅದು 'ಲಿಬರ್ಟಿ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸಿನಿಮಾ ಆಗೋಕೆ ಮತ್ತೂ ಏಳೆಂಟು ವರ್ಷ ಕಾಯಬೇಕಾಯ್ತು. ವೈಲ್ಡರ್ ಜತೆ ಚಿತ್ರಕಥೆಗೆ ಕೂತವರು ರೇಮಂಡ್ ಚಾಂಡ್ಲರ್, ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು. ಇಬ್ಬರಿಗೂ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗ್ತಿರಲಿಲ್ಲ. ಆದ್ರೂ ಕೆಲಸ ಮಾತ್ರ ಪಕ್ಕಾ.

ಅವರು ಕೋಡ್ ಮುರಿಯಲಿಲ್ಲ, ಬಳಸಿಕೊಂಡರು. ಹೇಗೆ ಅಂದ್ರೆ, ಶಿಕ್ಷೆಯನ್ನ ಸಿನಿಮಾದ ಮೊದಲ ಐದು ನಿಮಿಷಕ್ಕೇ ತಂದುಬಿಟ್ಟರು. ಲಾಸ್ ಏಂಜಲೀಸ್, 1938ರ ಜುಲೈ. ನಸುಕಿಗೆ ಮುಂಚೆ, ಖಾಲಿ ಆಫೀಸಿಗೆ ವಾಲ್ಟರ್ ನೆಫ್ ಅನ್ನೋ ಇನ್ಶೂರೆನ್ಸ್ ಸೇಲ್ಸ್‌ಮನ್ ಬರ್ತಾನೆ. ಭುಜಕ್ಕೆ ಗುಂಡು ಬಿದ್ದಿದೆ. ಡಿಕ್ಟಾಫೋನ್ ಆನ್ ಮಾಡಿ, ಮೈಕ್ ಬಾಯಿಗೆ ಹಿಡಿದು ತಪ್ಪೊಪ್ಪಿಗೆ ಶುರು ಮಾಡ್ತಾನೆ. ದುಡ್ಡಿಗಾಗಿ ಕೊಂದೆ, ಒಬ್ಬ ಹೆಣ್ಣಿಗಾಗಿ ಕೊಂದೆ. ಕೊನೆಗೆ ದುಡ್ಡೂ ಸಿಗಲಿಲ್ಲ, ಹೆಣ್ಣೂ ಸಿಗಲಿಲ್ಲ.

ಆಯ್ತಲ್ಲ? ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತು. ಸಿಕ್ಕಿಬಿದ್ದಿದ್ದೂ ಗೊತ್ತಾಯ್ತು. ಸೆನ್ಸಾರಿಗೆ ನೆಮ್ಮದಿ. ಈಗ ಕತೆಗೆ ಉಳಿದಿರೋದು ಒಂದೇ ಕೆಲಸ: ನನ್ನ-ನಿನ್ನಂಥ ಒಬ್ಬ ಸಾಮಾನ್ಯ ಮನುಷ್ಯ ಅಲ್ಲಿಗೆ ಹೇಗೆ ತಲುಪಿದ ಅಂತ ಹೇಳೋದು. ಅದನ್ನ ಅವನ ದನಿಯಲ್ಲೇ, ಅವನ ಕಣ್ಣಲ್ಲೇ ಕೇಳ್ತಾ ಕೇಳ್ತಾ ನಾವು ಗೊತ್ತಿಲ್ಲದೇನೇ ಅವನ ಪಕ್ಕದ ಸೀಟಿಗೆ ಬಂದು ಕೂತಿರ್ತೀವಿ. ಹಾಗಾಗಿ ಕಾರು ನಿಂತಾಗ ನಮ್ಮ ಎದೆಯೂ ನಿಲ್ಲುತ್ತೆ.

ನುವಾರ್‌ನ ಮೂವರು

ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಬರೋ ಮೂರು ಪಾತ್ರಗಳಿವೆ. ಜಾರಿ ಬಿದ್ದ ಗಂಡಸು, ಅವನನ್ನ ಬೀಳಿಸಿದಳು ಅಂತ ಹೇಳಲಾಗೋ ಹೆಣ್ಣು, ಮತ್ತೆ ಸತ್ಯ ಹುಡುಕೋನು. ಒಬ್ಬೊಬ್ಬರನ್ನೇ ನೋಡೋಣ.

ಜಾರಿ ಬಿದ್ದ ಗಂಡಸು ಹುಟ್ಟು ರೌಡಿ ಅಲ್ಲ. ನೆಫ್‌ಗೆ ಒಳ್ಳೇ ಕೆಲಸ ಇದೆ, ಆಫೀಸಲ್ಲಿ ಹೆಸರಿದೆ. ಆ ಪಾತ್ರಕ್ಕೆ ವೈಲ್ಡರ್ ಆರಿಸಿದ್ದು ಫ್ರೆಡ್ ಮ್ಯಾಕ್‌ಮರ್ರೆಯನ್ನ, ಹಗುರ ಹಾಸ್ಯಚಿತ್ರಗಳ ನಗುಮುಖದ ನಟ. ತನ್ನ ಕೈಲಾಗಲ್ಲ ಅಂತ ಅವರು ಹಿಂಜರಿದರಂತೆ. ಆದ್ರೆ ವೈಲ್ಡರ್‌ಗೆ ಬೇಕಿದ್ದಿದ್ದೇ ಆ ಒಳ್ಳೇ ಮುಖ. ನೆಫ್ ಮಾಡೋ ಪಾಪ ಕೂಡ ಅವನ ವೃತ್ತಿಯಿಂದಲೇ ಹುಟ್ಟಿದ್ದು. ವರ್ಷಗಟ್ಟಲೆ ಸುಳ್ಳು ಕ್ಲೇಮುಗಳನ್ನ ಕಂಡವನು. ಜನ ಎಲ್ಲಿ ಎಡವಿ ಸಿಕ್ಕಿಬೀಳ್ತಾರೆ ಅಂತ ಗೊತ್ತು. ನಾನಾದ್ರೆ ಎಡವಲ್ಲ ಅನ್ನೋ ಹುಮ್ಮಸ್ಸು. ಅಪರೂಪದ ಅಪಘಾತದಲ್ಲಿ ಸತ್ತರೆ ವಿಮೆ ಕಂಪನಿ ದುಪ್ಪಟ್ಟು ಹಣ ಕೊಡಬೇಕು, 'ಡಬಲ್ ಇಂಡೆಮ್ನಿಟಿ' ಅಂದ್ರೆ ಅದೇ. ರೈಲಿನಿಂದ ಬಿದ್ದು ಸಾಯೋದು ಅಂಥ ಅಪರೂಪ. ಆ ಐಡಿಯಾ ಅವನದೇ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಸತ್ಯ ಹುಡುಕೋನು ಇಲ್ಲಿ ಪೊಲೀಸ್ ಅಲ್ಲ, ಪತ್ತೇದಾರನೂ ಅಲ್ಲ. ಬಾರ್ಟನ್ ಕೀಸ್ ಅಂತ, ಅದೇ ಕಂಪನಿಯ ಕ್ಲೇಮ್ ತನಿಖೆ ಮಾಡೋ ಹಿರಿಯ. ನಟ ಎಡ್ವರ್ಡ್ ಜಿ. ರಾಬಿನ್ಸನ್. ಸುಳ್ಳು ಕ್ಲೇಮ್ ಬಂದ್ರೆ ತನ್ನ ಎದೆಯೊಳಗಿನ ಪುಟ್ಟ ಮನುಷ್ಯ ಒದ್ದಾಡ್ತಾನೆ ಅಂತ ಕೀಸ್ ಹೇಳ್ಕೋತಾನೆ. ಒಂದು ಕಾಲದಲ್ಲಿ ಮದುವೆ ನಿಶ್ಚಯವಾದ ಹುಡುಗಿಯ ಹಿನ್ನೆಲೆಯನ್ನೇ ತನಿಖೆ ಮಾಡಿ ಮದುವೆ ಬಿಟ್ಟವನು! ಇಷ್ಟು ಅನುಮಾನದ ಮನುಷ್ಯ ಒಬ್ಬನ ವಿಷಯದಲ್ಲಿ ಮಾತ್ರ ಕುರುಡ. ನೆಫ್ ಅಂದ್ರೆ ಅವನಿಗೆ ಮಗನ ಹಾಗೆ. ಕೊಲೆಯಲ್ಲಿ ಒಳಗಿನವರ ಕೈವಾಡ ಇದೆಯಾ ಅಂತ ಮೇಲಿನವರಿಗೆ ಅನುಮಾನ ಬಂದಾಗ, ನೆಫ್ ಬಗ್ಗೆ ನಾನು ಜಾಮೀನು ಅಂತ ಕೀಸ್ ರೆಕಾರ್ಡ್ ಮಾಡಿಡ್ತಾನೆ. ಅದನ್ನ ಕದ್ದು ಕೇಳಿಸಿಕೊಳ್ಳೋ ನೆಫ್‌ನ ಮುಖ ನೋಡಬೇಕು. ಸಿಕ್ಕಿಬೀಳೋ ಭಯಕ್ಕಿಂತ ಆ ನಂಬಿಕೆಯೇ ಅವನಿಗೆ ಜಾಸ್ತಿ ಚುಚ್ಚುತ್ತೆ.

ಇದಕ್ಕೆ ಮೂರು ವರ್ಷ ಮೊದಲು, 1941ರಲ್ಲಿ, ಜಾನ್ ಹ್ಯೂಸ್ಟನ್‌ರ 'ದಿ ಮಾಲ್ಟೀಸ್ ಫಾಲ್ಕನ್' ಬಂದಿತ್ತು. ಅಲ್ಲಿ ಹಂಫ್ರಿ ಬೋಗಾರ್ಟ್ ಮಾಡಿದ ಸ್ಯಾಮ್ ಸ್ಪೇಡ್ ನಿಜವಾದ ಖಾಸಗಿ ಪತ್ತೇದಾರ. ಪಾಲುದಾರನ ಕೊಲೆಯಾಗಿದೆ. ಸ್ಪೇಡ್ ಏನು ಮಾಡ್ತಾನೆ? ಆಫೀಸಿನಿಂದ ಸತ್ತವನ ಹೆಸರು ತೆಗೆದು ತನ್ನ ಹೆಸರಷ್ಟೇ ಬರೆಸು ಅಂತ ಸೆಕ್ರೆಟರಿಗೆ ಹೇಳ್ತಾನೆ. ಸತ್ತವನ ಹೆಂಡತಿ ಜತೆ ಅವನಿಗೆ ಸಂಬಂಧ ಬೇರೆ ಇತ್ತು. ಆದ್ರೆ ಕೊನೆಗೆ ಕೊಲೆ ಮಾಡಿದ್ದು ತಾನು ಮೆಚ್ಚಿದ ಹೆಣ್ಣೇ ಅಂತ ತಿಳಿದಾಗ ಅವಳನ್ನ ಪೊಲೀಸರಿಗೆ ಒಪ್ಪಿಸ್ತಾನೆ. ಅದು ನ್ಯಾಯವಾ, ವೃತ್ತಿಧರ್ಮವಾ, ತಾನು ಬೇಸ್ತುಬೀಳಬಾರದು ಅನ್ನೋ ಅಹಂಕಾರವಾ? ಮೂರೂ ಸರಿ ಅನ್ನಿಸುತ್ತೆ. ಮೂರರಲ್ಲಿ ಒಂದೇ ಸರಿ ಅಂತ ಸಿನಿಮಾ ಎಲ್ಲೂ ಹೇಳಲ್ಲ.

ಇನ್ನು ಮೂರನೆಯವಳು. ಫ್ರೆಂಚಿನಲ್ಲಿ 'ಫಾಮ್ ಫಟಾಲ್'. ನಮ್ಮಲ್ಲಿ ವಿಷಕನ್ಯೆ ಅಂತೀವಲ್ಲ, ಅದಕ್ಕೆ ಹತ್ತಿರದ ಮಾತು. 'ಡಬಲ್ ಇಂಡೆಮ್ನಿಟಿ'ಯಲ್ಲಿ ಫಿಲಿಸ್ ಡೀಟ್ರಿಕ್‌ಸನ್, ಬಾರ್ಬರಾ ಸ್ಟ್ಯಾನ್ವಿಕ್ ಮಾಡಿದ ಪಾತ್ರ. ನೆಫ್ ಅವಳನ್ನ ಮೊದಲು ನೋಡೋದು ಮೆಟ್ಟಿಲ ಮೇಲೆ, ಸ್ನಾನದ ಟವೆಲ್‌ನಲ್ಲಿ. ಆಮೇಲೆ ಅವಳು ಇಳಿದು ಬರುವಾಗ ಅವನ ಕಣ್ಣು ಅವಳ ಕಾಲುಚೈನಿಗೆ ಅಂಟಿಕೊಳ್ಳುತ್ತೆ. ಕ್ಯಾಮೆರಾ ಕೂಡ ಅವನ ಕಣ್ಣಿನ ಜತೆಗೇ ಅಲ್ಲಿಗೆ ಹೋಗುತ್ತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದ್ರೆ ಈ ಹೆಣ್ಣು ಬರೀ ಕಲ್ಪನೆ ಅಲ್ಲ.

ನಿಜವಾದ ಫಿಲಿಸ್

1927ರ ಮಾರ್ಚ್. ನ್ಯೂಯಾರ್ಕಿನ ಕ್ವೀನ್ಸ್. ಆಲ್ಬರ್ಟ್ ಸ್ನೈಡರ್ ಅನ್ನೋ ಪತ್ರಿಕಾ ಕಲಾ ಸಂಪಾದಕನ ಕೊಲೆಯಾಯಿತು. ಕಳ್ಳರು ನುಗ್ಗಿದ್ರು ಅಂದಳು ಹೆಂಡತಿ ರೂತ್. ಬೆಳಗ್ಗೆ ಅವಳ ಕೈಕಾಲು ಕಟ್ಟಿದ್ದನ್ನ ಮೊದಲು ಕಂಡಿದ್ದು ಒಂಬತ್ತು ವರ್ಷದ ಮಗಳು. ಆದ್ರೆ ಕಳುವಾಯ್ತು ಅಂದ ಒಡವೆ ಹಾಸಿಗೆ ಕೆಳಗೇ ಸಿಕ್ಕವು. ರೂತ್ ಮತ್ತು ಅವಳ ಪ್ರಿಯಕರ ಜಡ್ ಗ್ರೇ ಸಿಕ್ಕಿಬಿದ್ದರು. ಗ್ರೇ ಒಳಉಡುಪು ಮಾರೋ ಸೇಲ್ಸ್‌ಮನ್. ಗಂಡನ ಹೆಸರಲ್ಲಿ ಒಂದು ವಿಮೆ ಇತ್ತು, ಅದರಲ್ಲಿ ದುಪ್ಪಟ್ಟು ಹಣದ ಷರತ್ತೂ ಇತ್ತು.

ವಿಚಾರಣೆಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು. ಅವಳು ನನ್ನನ್ನ ಕುಣಿಸಿದಳು ಅಂತ ಅವನು. ಅವನೇ ಮಾಡಿದ್ದು ಅಂತ ಅವಳು. ಕೋರ್ಟ್ ಪತ್ರಕರ್ತರಿಂದ ತುಂಬಿತ್ತು. ಪತ್ರಿಕೆಗಳಿಗೆ ಅವನ ಕತೆ ಹೆಚ್ಚು ಹಿಡಿಸಿತು: ಅವಳು ಕಲ್ಲೆದೆಯವಳು, ಅವನು ಪಾಪ ಅವಳ ಕೈಗೊಂಬೆ. ಶಿಕ್ಷೆ ಮಾತ್ರ ಇಬ್ಬರಿಗೂ ಒಂದೇ ಆಯ್ತು. 1928ರ ಜನವರಿ 12ರ ರಾತ್ರಿ ಸಿಂಗ್ ಸಿಂಗ್ ಜೈಲಿನ ವಿದ್ಯುತ್ ಕುರ್ಚಿಯಲ್ಲಿ ಇಬ್ಬರನ್ನೂ ಕೊಲ್ಲಲಾಯಿತು. ಫೋಟೊ ತೆಗೆಯೋಕೆ ಅನುಮತಿ ಇರಲಿಲ್ಲ. ಟಾಮ್ ಹೊವರ್ಡ್ ಅನ್ನೋ ಛಾಯಾಗ್ರಾಹಕ ಪುಟ್ಟ ಕ್ಯಾಮೆರಾವನ್ನ ಕಣಕಾಲಿಗೆ ಕಟ್ಟಿಕೊಂಡು, ಪ್ಯಾಂಟಿನ ಅಂಚು ಎತ್ತಿ, ರೂತ್ ಸಾಯುತ್ತಿರುವ ಕ್ಷಣ ಕ್ಲಿಕ್ಕಿಸಿದ. ಮಾರನೇ ದಿನ 'ಡೈಲಿ ನ್ಯೂಸ್'ನ ಮುಖಪುಟದಲ್ಲಿ ಅದೇ ಚಿತ್ರ. ಜನ ಮನಸಲ್ಲಿ ಇಟ್ಟುಕೊಂಡಿದ್ದು ಅವಳ ಚಿತ್ರವನ್ನ.

ರೂತ್ ನಿರ್ದೋಷಿ ಅಂತ ನಾನು ಹೇಳ್ತಿಲ್ಲ. ಅವಳು ಒಂದು ಜೀವ ತೆಗೆದವಳು. ಆದ್ರೆ ಗ್ರೇ ಕೂಡ ತೆಗೆದಿದ್ದ. ಒಂದೇ ಕೊಲೆ, ಒಂದೇ ಶಿಕ್ಷೆ. ಒಬ್ಬಳು ಮಾತ್ರ ಒಂದು 'ಟೈಪ್' ಆಗಿ ಉಳಿದುಬಿಟ್ಟಳು. ಆ ಕೊಲೆಯ ಸುದ್ದಿಯಿಂದಲೇ ಜೇಮ್ಸ್ ಕೇನ್ ತನ್ನ ಕತೆ ಹೆಣೆದದ್ದು. ಅಲ್ಲಿಂದ ಅವಳು ಫಿಲಿಸ್ ಆಗಿ ಪರದೆಗೆ ಬಂದಳು, ಫಿಲಿಸ್‌ಳಿಂದ ನೂರಾರು ಚಿತ್ರಗಳಿಗೆ ಹೋದಳು.

ಯುದ್ಧಕಾಲದ ಅಮೆರಿಕಕ್ಕೆ ಈ ಪಾತ್ರ ಬೇಕಾಗಿತ್ತು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಗಂಡಸರು ಯುದ್ಧಕ್ಕೆ ಹೋದಾಗ ಲಕ್ಷಾಂತರ ಹೆಂಗಸರು ಕಾರ್ಖಾನೆಗೆ ಬಂದರು, ಸಂಬಳ ಎಣಿಸಿದರು. ವಾಪಸ್ ಬಂದವರಿಗೆ ಕೆಲಸ ಬೇಕು, ಮನೇಲಿ ಹಳೇ ಹೆಂಡತಿ ಬೇಕು. ತನ್ನಿಷ್ಟದಂತೆ ನಡೆಯೋ ಹೆಣ್ಣು ಅಪಾಯ ಅನ್ನೋ ಕತೆ ಆ ಹೊತ್ತಿಗೆ ಸುಲಭವಾಗಿ ಓಡಿತು.

ಎರಡನೇ ಗುಂಡು

ಈಗ ಮತ್ತೆ ಸಿನಿಮಾಗೆ ಬರೋಣ. ಎರಡನೇ ಸಲ ನೋಡುವಾಗ ನನಗೆ ಹೊಳೆದ ವಿಷಯ ಇದು. ಫಿಲಿಸ್ ಬಗ್ಗೆ ನಮಗೆ ಗೊತ್ತಿರೋದೆಲ್ಲ ಗೊತ್ತಾಗಿದ್ದು ಯಾರಿಂದ? ಡಿಕ್ಟಾಫೋನ್ ಹಿಡಿದಿರೋ ನೆಫ್‌ನಿಂದ. ಅವಳು ಹಿಂದೆಯೂ ಕೊಲೆ ಮಾಡಿದವಳು ಅನ್ನೋದೂ ಮಲಮಗಳು ಅವನಿಗೆ ಹೇಳಿದ್ದು, ಅವನು ನಮಗೆ ಹೇಳ್ತಿರೋದು. ಅವಳು ತನ್ನನ್ನ ಬಲೆಗೆ ಬೀಳಿಸಿದಳು ಅಂತ ಅವನು ಹೇಳ್ತಾನೆ. ಆದ್ರೆ ರೈಲಿನ ಐಡಿಯಾ ಯಾರದು? ದುಪ್ಪಟ್ಟು ಹಣದ ಲೆಕ್ಕ ಯಾರದು? ಕತ್ತು ಹಿಸುಕಿದ ಕೈ ಯಾರದು?

ಆ ಕೊಲೆಯನ್ನ ಸಿನಿಮಾ ತೋರಿಸೋದೇ ಇಲ್ಲ. ಪಕ್ಕದಲ್ಲಿ ಗಂಡನ ಕತ್ತು ಹಿಸುಕ್ತಿರುವಾಗ ಕ್ಯಾಮೆರಾ ಸ್ಟೀರಿಂಗ್ ಹಿಡಿದ ಫಿಲಿಸ್‌ಳ ಮುಖದ ಮೇಲೇ ನಿಂತಿರುತ್ತೆ. ಕೊಲೆ ಹೇಗೆ ತೋರಿಸಬೇಕು ಅನ್ನೋದಕ್ಕೆ ಸೆನ್ಸಾರ್ ಗಡಿ ಹಾಕಿತ್ತು, ನಿಜ. ಆದ್ರೆ ಪರಿಣಾಮ ನೋಡಿ. ಕೊಂದಿದ್ದು ಅವನು, ನಮ್ಮ ನೆನಪಲ್ಲಿ ಉಳಿಯೋದು ಅವಳ ಮುಖ.

ಕೊನೆಯ ಭೇಟಿ ಕತ್ತಲೆ ಕೋಣೆಯಲ್ಲಿ. ಕಿಟಕಿಯ ಪಟ್ಟಿ ಪರದೆಯಿಂದ ಬೆಳಕಿನ ಗೆರೆಗಳು ಜೈಲಿನ ಸರಳಿನ ಹಾಗೆ ಬಿದ್ದಿವೆ. ಛಾಯಾಗ್ರಾಹಕ ಜಾನ್ ಸೈಟ್ಜ್ ಅವರ ಕೈಚಳಕ. ಫಿಲಿಸ್ ಅವನಿಗೆ ಗುಂಡು ಹೊಡೀತಾಳೆ. ಭುಜಕ್ಕೆ ತಾಗುತ್ತೆ. ಇನ್ನೊಂದು ಹೊಡೆದ್ರೆ ಮುಗೀತು. ಅವಳು ಹೊಡೆಯಲ್ಲ. ಇಲ್ಲೀವರೆಗೂ ನಿನ್ನನ್ನ ಪ್ರೀತಿಸಿರಲಿಲ್ಲ, ಎರಡನೇ ಗುಂಡು ಹೊಡೆಯೋಕಾಗದೆ ಇದ್ದಾಗಲೇ ನನಗೂ ಗೊತ್ತಾಯ್ತು ಅನ್ನೋ ಅರ್ಥದ ಮಾತು ಹೇಳ್ತಾಳೆ. ನಿಜವಾ, ನಾಟಕವಾ? ಸ್ಟ್ಯಾನ್ವಿಕ್ ಮುಖದಲ್ಲಿ ಎರಡೂ ಕಾಣುತ್ತೆ. ನೆಫ್ ನಂಬಲ್ಲ. ಅಪ್ಪಿಕೊಂಡಿರುವಾಗಲೇ ಗುಂಡು ಹಾರಿಸ್ತಾನೆ.

ವಿಷಕನ್ಯೆ ಅನ್ನೋ ಅಚ್ಚಿಗೆ ಅವಳು ಹೊಂದದೇ ಹೋದ ಒಂದೇ ಒಂದು ಕ್ಷಣ ಅದು. ಆ ಕ್ಷಣದಲ್ಲೇ ಅವಳನ್ನ ಕೊಂದ. ಆಮೇಲೆ ಹೋಗಿ ಮೈಕ್ ಹಿಡಿದು ಅವಳ ಕತೆಯನ್ನ ತಾನೇ ಹೇಳಿದ.

ಮೈಕ್ ಕೈ ಬದಲಾದಾಗ

ಎಲ್ಲ ನುವಾರ್ ಚಿತ್ರಗಳೂ ಹೀಗೇ ಇಲ್ಲ. 1945ರ 'ಮಿಲ್‌ಡ್ರೆಡ್ ಪಿಯರ್ಸ್' ಕೂಡ ಕೇನ್‌ರ ಕಾದಂಬರಿಯದ್ದೇ. ಕಾದಂಬರಿಯಲ್ಲಿ ಕೊಲೆಯೇ ಇಲ್ಲ. ಸಿನಿಮಾದವರು ಕೊಲೆ ಸೇರಿಸಿ, ನಾಯಕಿಯನ್ನ ಪೊಲೀಸ್ ಠಾಣೆಯಲ್ಲಿ ಕೂರಿಸಿ ಕತೆ ಹೇಳಿಸಿದರು. ಜೋನ್ ಕ್ರಾಫರ್ಡ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ. ಇಲ್ಲಿ ಹೆಣ್ಣಿನ ಬಾಯಿಂದಲೇ ಕತೆ. ಹೋಟೆಲಿನಲ್ಲಿ ಸರ್ವರ್ ಆಗಿ ದುಡಿದು, ತನ್ನದೇ ಹೋಟೆಲು ಕಟ್ಟಿ, ಮಗಳಿಗಾಗಿ ಎಲ್ಲ ಕೊಟ್ಟವಳು, ಕೊನೆಗೆ ಮಗಳು ಮಾಡಿದ ಕೊಲೆಯನ್ನ ಮುಚ್ಚಿಡೋಕೆ ಸುಳ್ಳು ಹೇಳ್ತಾಳೆ. ಆದ್ರೆ ಗಮನಿಸಿ, ಅವಳ ಎದುರು ಮೇಜಿನ ಆಚೆ ಒಬ್ಬ ಪೊಲೀಸ್ ಅಧಿಕಾರಿ ಕೂತಿದ್ದಾನೆ. ನೆಫ್‌ಗೆ ಖಾಲಿ ಆಫೀಸು ಸಿಕ್ಕಿತ್ತು, ಮಿಲ್‌ಡ್ರೆಡ್‌ಗೆ ಠಾಣೆ.

1950ರ 'ಇನ್ ಎ ಲೋನ್ಲಿ ಪ್ಲೇಸ್' ಇನ್ನೂ ಮುಂದೆ ಹೋಗುತ್ತೆ. ಮೂಲ ಕಾದಂಬರಿ ಡೊರೊತಿ ಬಿ. ಹ್ಯೂಸ್ ಅವರದ್ದು, ಸಿನಿಮಾ ನಿಕೊಲಸ್ ರೇ ಅವರದ್ದು. ಬೋಗಾರ್ಟ್ ಒಬ್ಬ ಚಿತ್ರಕಥೆಗಾರ, ಕೊಲೆಯ ಅನುಮಾನ ಅವನ ಮೇಲೆ. ಪಕ್ಕದ ಮನೆಯ ಲಾರೆಲ್ ಅವನನ್ನ ನಂಬ್ತಾಳೆ, ಪ್ರೀತಿಸ್ತಾಳೆ. ಆಮೇಲೆ ಅವನ ಕೋಪ ನೋಡ್ತಾ ನೋಡ್ತಾ ಹೆದರ್ತಾಳೆ. ಕೊನೆಗೆ ಫೋನ್ ಬರುತ್ತೆ: ಕೊಲೆಗಾರ ಬೇರೆ, ಇವನು ನಿರಪರಾಧಿ. ಆದ್ರೆ ಅಷ್ಟರಲ್ಲಿ ಅವನ ಕೈ ಅವಳ ಕತ್ತಿನ ಮೇಲೆ ಬಿದ್ದಾಗಿದೆ. ಕಾನೂನಿನ ಲೆಕ್ಕದಲ್ಲಿ ಅವನು ಶುದ್ಧ. ಅವಳಿಗೆ ಅವನ ಜತೆ ಬಾಳೋಕಾಗಲ್ಲ. ಸಂಬಂಧ ಅಲ್ಲಿಗೇ ಮುಗಿಯುತ್ತೆ.

1958ರಲ್ಲಿ ಆರ್ಸನ್ ವೆಲ್ಸ್ ಅವರ 'ಟಚ್ ಆಫ್ ಈವಿಲ್' ಬಂತು, ಆ ಯುಗದ ಕೊನೆಯ ದೊಡ್ಡ ಚಿತ್ರ ಅಂತಾರೆ. ಮೆಕ್ಸಿಕೊ ಗಡಿಯ ಊರು. ಹಿರಿಯ ಪೊಲೀಸ್ ಅಧಿಕಾರಿ ಕ್ವಿನ್ಲನ್ ಒಬ್ಬ ಮೆಕ್ಸಿಕನ್ ಯುವಕನ ಮನೇಲಿ ಡೈನಮೈಟ್ ಇಟ್ಟು ಅವನೇ ಅಪರಾಧಿ ಅಂತ ಸಿಕ್ಕಿಸ್ತಾನೆ. ಸುಳ್ಳು ಸಾಕ್ಷ್ಯ ಬಯಲಾಗುತ್ತೆ. ಕ್ವಿನ್ಲನ್ ಸಾಯ್ತಾನೆ. ಆಗ ಒಂದು ಸುದ್ದಿ ಬರುತ್ತೆ: ಆ ಯುವಕ ತಪ್ಪೊಪ್ಪಿಕೊಂಡಿದ್ದಾನೆ. ಪೊಲೀಸನ ಊಹೆ ಸರಿ ಇತ್ತು! ಹಾಗಾದ್ರೆ ಸುಳ್ಳು ಸಾಕ್ಷ್ಯ ಇಟ್ಟಿದ್ದು ಸರೀನಾ? ಇಂಥ ಪ್ರಶ್ನೆ ನಮ್ಮ ಕಾಲಕ್ಕೂ ಹೊಸದಲ್ಲ. ಎನ್‌ಕೌಂಟರ್ ಸುದ್ದಿ ಬಂದಾಗ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ನಡೆಯೋ ಜಗಳ ನೋಡಿದವರಿಗೆ ಗೊತ್ತು.

ಅಂದಹಾಗೆ, ಈ ನೆರಳು ಮುಂಬೈಗೂ ಬಂತು, ಅದರಲ್ಲಿ ನಮ್ಮವರ ಪಾಲೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1951ರಲ್ಲಿ 'ಬಾಜಿ' ನಿರ್ದೇಶಿಸಿದರು. ಅಲ್ಲಿ ಸಹಾಯಕ ಕ್ಯಾಮೆರಾಮನ್ ಆಗಿದ್ದವರು ಮೈಸೂರಿನ ವಿ.ಕೆ. ಮೂರ್ತಿ. ಮುಂದೆ ಗುರುದತ್ ಚಿತ್ರಗಳ ನೆರಳು-ಬೆಳಕೆಲ್ಲ ಅವರದ್ದೇ. 1956ರ 'ಸಿ.ಐ.ಡಿ.'ಗೂ ಕ್ಯಾಮೆರಾ ಹಿಡಿದವರು ಅವರೇ. ಆದ್ರೆ ಒಂದು ವ್ಯತ್ಯಾಸ ನೋಡಿ. 'ಬಾಜಿ'ಯ ನಾಯಕ ಜೂಜಾಡೋದು ಕಾಯಿಲೆ ಬಿದ್ದ ತಂಗಿಯ ಚಿಕಿತ್ಸೆಗಾಗಿ. 'ಸಿ.ಐ.ಡಿ.'ಯಲ್ಲಿ ವಹೀದಾ ರೆಹಮಾನ್ ಮಾಡಿದ ಮೋಹಿನಿಯಂಥ ಪಾತ್ರ ಕೊನೆಗೆ ನಾಯಕನನ್ನ ಉಳಿಸುತ್ತೆ. ನಮ್ಮ ಸಿನಿಮಾ ಪಾಪಕ್ಕೆ ಒಂದು ಕಾರಣ ಕೊಡ್ತು, ಪಾಪಿಗೆ ಒಂದು ದಾರಿ ಬಿಟ್ಟಿತು. ನೆಫ್‌ಗೆ ತಂಗಿಯೂ ಇಲ್ಲ, ಸಾಲವೂ ಇಲ್ಲ. ಆಸೆ ಇತ್ತು, ಅವಕಾಶ ಇತ್ತು. ಅಷ್ಟೇ.

ನನ್ನ ತಪ್ಪೊಪ್ಪಿಗೆ

ಇಷ್ಟೆಲ್ಲ ನಾನು ಇವತ್ತು ಯಾಕೆ ಹೇಳ್ತಿದ್ದೀನಿ ಅಂದ್ರೆ, ನನ್ನದೂ ಒಂದು ತಪ್ಪೊಪ್ಪಿಗೆ ಇದೆ.

ಕೆಲವು ತಿಂಗಳ ಹಿಂದೆ ಇದೇ ಮೈಕಿನ ಮುಂದೆ ಕೂತು ನಾನು ಒಂದು ಕೊಲೆ ಪ್ರಕರಣದ ಕತೆ ಹೇಳಿದ್ದೆ. ಗಂಡ ಸತ್ತಿದ್ದ. ಹೆಂಡತಿ ಮತ್ತು ಅವಳ ಗೆಳೆಯ ಅಂತ ಇಬ್ಬರು ಆರೋಪಿಗಳು. ನನ್ನ ಹತ್ತಿರ ಇದ್ದಿದ್ದು ಪೊಲೀಸರು ಹೇಳಿದ್ದು ಮತ್ತೆ ಪತ್ರಿಕೆಯ ವರದಿ. ಅವಳ ಉಡುಪು, ಅವಳ ಇನ್‌ಸ್ಟಾಗ್ರಾಮ್ ಫೋಟೊ, ಅವಳ ನಗು ಎಲ್ಲಾ ವಿವರಿಸಿದೆ. 'ಮಾಯಾಂಗನೆ' ಅನ್ನೋ ಪದವನ್ನೂ ಬಳಸಿದೆ. ಅವನ ಬಗ್ಗೆ ಒಂದೇ ವಾಕ್ಯ: ಅವಳ ಮಾತಿಗೆ ಮರುಳಾದ. ಪ್ರಕರಣ ಇನ್ನೂ ಕೋರ್ಟಿನಲ್ಲಿತ್ತು. ಆ ಸಂಚಿಕೆಯನ್ನ ತುಂಬಾ ಜನ ಕೇಳಿದ್ರು.

ಒಬ್ಬ ಕೇಳುಗಳಿಂದ ಮೆಸೇಜ್ ಬಂತು. 'ಅಕ್ಕಾ, ಅರ್ಧ ಗಂಟೆ ಅವಳ ಬಗ್ಗೆ ಮಾತಾಡಿದ್ರಿ, ಅವಳ ಒಂದು ಮಾತೂ ಕೇಳಿಸಲಿಲ್ಲ.' ಆಗ ನನಗೆ ಸಿಟ್ಟು ಬಂದಿತ್ತು. ಅಪರಾಧಿ ಪರ ಮಾತಾಡ್ತಾಳಲ್ಲ ಅನ್ನಿಸಿತ್ತು. ಉತ್ತರ ಕೊಡಲಿಲ್ಲ. ಆ ಮಧ್ಯರಾತ್ರಿ ಹೊದಿಕೆಯೊಳಗೆ ನೆಫ್ ಡಿಕ್ಟಾಫೋನ್ ಎತ್ತಿಕೊಂಡಾಗ ಆ ಮೆಸೇಜ್ ನೆನಪಾಯ್ತು. ಅವನ ಕೈಲಿದ್ದ ಮೈಕೂ ನನ್ನ ಮುಂದಿರೋ ಮೈಕೂ ಬೇರೆಯಲ್ಲ ಅನ್ನಿಸಿತು.

ಆ ಹೆಂಗಸು ತಪ್ಪು ಮಾಡಿದ್ದಾಳೋ ಇಲ್ಲವೋ ಕೋರ್ಟ್ ಹೇಳಲಿ. ನಾನು ಮಾಡಿದ್ದು ಮಾತ್ರ ತಪ್ಪು. ತೀರ್ಪಿಗೆ ಮುಂಚೆ ಅವಳಿಗೊಂದು ಪಾತ್ರ ಹಂಚಿಬಿಟ್ಟಿದ್ದೆ. ಆ ಸಂಚಿಕೆಯನ್ನ ನಾವು ತೆಗೆದಿದ್ದೀವಿ. ಮೆಸೇಜ್ ಮಾಡಿದ ತಂಗಿಗೆ ತಡವಾಗಿ ಉತ್ತರ ಬರೆದಿದ್ದೀನಿ.

ನುವಾರ್ ಚಿತ್ರಗಳು ಲೋಕವನ್ನ ಕಪ್ಪು-ಬಿಳುಪಲ್ಲಿ ತೋರಿಸಿದ್ರೂ ಮನುಷ್ಯರನ್ನ ಹಾಗೆ ತೋರಿಸಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜವೇ. ಆದ್ರೆ ನಾನು ಅದಕ್ಕೆ ಒಂದು ಮಾತು ಸೇರಿಸ್ತೀನಿ. ಕತೆ ಹೇಳೋನಿಗೆ ತನ್ನ ಪಾಪದ ಬಣ್ಣ ಬೂದು ಅನ್ನಿಸುತ್ತೆ, ಪಕ್ಕದವರದ್ದು ಕಡುಕಪ್ಪು ಅನ್ನಿಸುತ್ತೆ. ನೆಫ್ ತನಗೆ ಕೊಟ್ಟುಕೊಂಡ ಕನಿಕರದಲ್ಲಿ ಅರ್ಧವನ್ನೂ ಫಿಲಿಸ್‌ಗೆ ಕೊಡಲಿಲ್ಲ. ವೈಲ್ಡರ್ ಮಾತ್ರ ಎರಡನೇ ಗುಂಡನ್ನ ಹಾರಿಸದೆ ಉಳಿಸಿ, ನಮಗಾಗಿ ಒಂದು ಬಾಗಿಲು ತೆರೆದಿಟ್ಟರು.

ಆ ಚಿತ್ರದ ಕೊನೆಗೂ ಒಂದು ಕತೆ ಇದೆ. ನೆಫ್‌ನನ್ನ ಗ್ಯಾಸ್ ಚೇಂಬರಿನಲ್ಲಿ ಸಾಯಿಸೋ ದೃಶ್ಯವನ್ನ ದುಬಾರಿ ಸೆಟ್ ಹಾಕಿ ಚಿತ್ರೀಕರಿಸಿದ್ದರು. ವೈಲ್ಡರ್ ಅದನ್ನ ಕೈಬಿಟ್ಟರು. ಈಗ ಉಳಿದಿರೋ ಕೊನೆಯಲ್ಲಿ ನೆಫ್ ಆಫೀಸಿನ ಬಾಗಿಲ ಬಳಿ ಕುಸಿದು ಬಿದ್ದಿದ್ದಾನೆ. ಸಿನಿಮಾ ಉದ್ದಕ್ಕೂ ಕೀಸ್‌ನ ಸಿಗಾರಿಗೆ ಬೆಂಕಿ ಹಚ್ಚಿಕೊಟ್ಟವನು ಅವನು. ಈಗ ಕೀಸ್ ಪಕ್ಕದಲ್ಲಿ ಕೂತು ಅವನ ಸಿಗರೇಟಿಗೆ ಕಡ್ಡಿ ಗೀರಿ ಹಿಡಿತಾನೆ. ಪೊಲೀಸರಿಗೆ ಫೋನ್ ಮಾಡಿಸಿಯೂ ಆಗಿದೆ. ಶಿಕ್ಷೆ ತಪ್ಪಲ್ಲ. ಆದ್ರೂ ಆ ಕಡ್ಡಿ ಗೀರ್ತಾನೆ.

ಫಿಲಿಸ್‌ಗೆ ಹಾಗೆ ಕಡ್ಡಿ ಗೀರಿದವರು ಯಾರೂ ಇಲ್ಲ.

ಈ ವಾರ ಬಿಡುವಾದ್ರೆ ಸಿನಿಮಾ ನೋಡಿ. ಕಾರು ನಿಂತಾಗ ನಿಮ್ಮ ಮನಸ್ಸು ಏನು ಬೇಡಿಕೊಳ್ತು ಅಂತ ಪ್ರಾಮಾಣಿಕವಾಗಿ ನಮಗೆ ಬರೀರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲೀವರೆಗೂ, ಯಾರಾದ್ರೂ ನಿಮಗೆ ಒಂದು ಕತೆ ಹೇಳಿದ್ರೆ, ಮೈಕ್ ಯಾರ ಕೈಲಿದೆ ಅಂತ ಒಮ್ಮೆ ನೋಡಿ. ನಾನು ಹೇಳಿದ್ರೂ ಸರಿ. ನಮಸ್ಕಾರ.